‘ಕರ್ವಾಲೊ’ವನ್ನು ತಡವಾಗಿ ಓದಿದವನ ಪಾಠ

ಸುವರ್ಣ ಮಹೋತ್ಸವದ ಈ ಸಂಚಿಕೆಗೆ ಹಳಗನ್ನಡವನ್ನು ಕುರಿತು ಲೇಖನವೊಂದನ್ನು ಬರೆದುಕೊಡಬೇಕೆಂದು ಸಂಪಾದಕ ಮಂಡಳಿಯವರು ಕೇಳಿದ್ದರು. ಮೂರು ದಶಕಗಳಿಗೂ ಮಿಕ್ಕಿ ನಾನು ಬೋಧಿಸಿದ್ದು ಅದನ್ನೇ. ಆದರೆ ಈ ಸಲ, ಬೋಧಿಸದೆ ಬಿಟ್ಟ ಪುಸ್ತಕವೊಂದರ ಪಾಠವನ್ನು ಒಪ್ಪಿಸಲು ಅವರ ಅನುಮತಿಯನ್ನು ಬೇಡಿ ಪಡೆದಿದ್ದೇನೆ.

ಶ್ರೀ ಕೆ. ಪಿ. ಪೂರ್ಣಚಂದ್ರ ತೇಜಸ್ವಿಯವರ ‘ಕರ್ವಾಲೊ’ ಕಾದಂಬರಿ ಪ್ರಕಟವಾದುದು 1980ರಲ್ಲಿ. ಮುಂದೆ ಶಾಲೆಯ ಗ್ರಂಥಾಲಯಕ್ಕೆ ಪುಸ್ತಕಗಳನ್ನು ಆರಿಸುವ ಹೊಣೆ ನನ್ನ ಪಾಲಿಗೆ ಬಂದಾಗ, ಪಟ್ಟಿಯಲ್ಲಿ ಆ ಹೆಸರನ್ನು ಕಂಡು ಯಾವುದೋ ಪರದೇಶದ ಕಥೆಯ ಅನುವಾದವಿರಬೇಕೆಂದು ಬಗೆದು ಅದರ ಮೇಲೆ ಗೆರೆ ಎಳೆದೆ. ಕುವೆಂಪು ಅವರ ಸುಪುತ್ರರ ಕೃತಿಯೆಂದು ತಿಳಿದ ಮೇಲೂ ಮನಸ್ಸು ಬದಲಾಗಲಿಲ್ಲ. ಓತಿಕ್ಯಾತವೊಂದನ್ನು ಹುಡುಕಿಕೊಂಡು ಹೋಗುವವರ ನಗೆಯ ಕಥೆಯೆಂದು ಸಹೋದ್ಯೋಗಿಯೊಬ್ಬರು ಹೇಳಿದ್ದೇ ಸಾಕಾಯಿತು. ನಾನು ಕೊಳ್ಳೇಗಾಲದಲ್ಲಿ ಕನ್ನಡ ಮಾಧ್ಯಮದಲ್ಲಿ ಮೆಟ್ರಿಕ್ ಮುಗಿಸಿದವನು. (1956ರ ಅಕ್ಟೋಬರ್ ಕೊನೆಯವರೆಗೂ ಕೊಳ್ಳೇಗಾಲವು ಕೊಯಮತ್ತೂರು ಜಿಲ್ಲೆಯದೇ ತಾಲ್ಲೂಕಾಗಿತ್ತೆಂದರೆ ಇಂದಿನ ಮಕ್ಕಳು ನಂಬುವುದಿಲ್ಲ.) ತರಗತಿಯಲ್ಲಿ ನಗುವವನಿಗೆ ವಿದ್ಯೆ ಹತ್ತದೆಂಬುದು ನಮ್ಮ ಗುರುಗಳ ನಂಬಿಕೆ, ನಾನೂ ಅದನ್ನೇ ನಂಬಿದ್ದೆ.

ಎರಡು ವರ್ಷಗಳ ಹಿಂದೆ ಕಣ್ಣಿನ ಪೊರೆ ತೆಗೆಸಿಕೊಂಡು ಮನೆಯಲ್ಲಿದ್ದಾಗ, ಬೆಂಗಳೂರಿನಲ್ಲಿ ಉದ್ಯೋಗದಲ್ಲಿರುವ ಹಳೆಯ ವಿದ್ಯಾರ್ಥಿಯೊಬ್ಬರು ನೋಡಲು ಬಂದವರು ಈ ಪುಸ್ತಕವನ್ನು ಕೊಟ್ಟುಹೋದರು. ಇಂಗ್ಲಿಷಿನಲ್ಲಿ ಡಗ್ಲಸ್ ಆಡಮ್ಸ್ ಎಂಬವರ ‘ದಿ ಹಿಚ್‌ಹೈಕರ್ಸ್ ಗೈಡ್ ಟು ದಿ ಗ್ಯಾಲಕ್ಸಿ’ ಎಂಬ ನಗೆಯ ವೈಜ್ಞಾನಿಕ ಕಾದಂಬರಿ ಇದೆಯಂತೆ. 1978ರಲ್ಲಿ ಬಿ.ಬಿ.ಸಿ. ರೇಡಿಯೋ ನಾಟಕವಾಗಿ ಬಂದು ಮರುವರ್ಷ ಪುಸ್ತಕವಾದುದು. ಅಂತರಿಕ್ಷದ ಹೆದ್ದಾರಿಗೆ ಅಡ್ಡವಾಯಿತೆಂದು ಭೂಮಿಯನ್ನೇ ಕೆಡವಿಬಿಡುತ್ತಾರಂತೆ! “ಸಾರ್, ಅದನ್ನು ಓದಿ ಲೋಕವೇ ನಕ್ಕಿತು. ನಮ್ಮ ಕನ್ನಡದಲ್ಲಿ ಅದರ ಮರುವರ್ಷವೇ ಇದು ಬಂತು. ಇಲ್ಲಿ ಆಕಾಶಕ್ಕೆ ಹೋಗಬೇಕಾಗಿಲ್ಲ, ಮೂಡಿಗೆರೆಯ ಕಾಡಿಗೆ ಹೋದರೆ ಸಾಕು” ಎಂದರು.

ರಾತ್ರಿ ಹತ್ತು ಗಂಟೆಗೆ ನಾನೊಬ್ಬನೇ ನಗುತ್ತಿರುವುದನ್ನು ಕೇಳಿ ಮನೆಯಾಕೆ ಗಾಬರಿಗೊಂಡು ಎದ್ದು ಬಂದಳು. ಜೇನು ಹಿಡಿಯುವ ಮಂದಣ್ಣ, ಬಿರಿಯಾನಿ ಕರಿಯಪ್ಪ, ಹಾವಾಡಿಸುವ ಯೆಂಗ್ಟ, ಕಿವಿ ಎಂಬ ನಾಯಿ, ಇವರೊಡನೆ ಕರ್ವಾಲೊ ಎಂಬ ವಿಜ್ಞಾನಿ. ಮಂದಣ್ಣನಿಗೆ ಮದುವೆಯ ಚಿಂತೆ, ಕಳ್ಳಭಟ್ಟಿಯ ಮೊಕದ್ದಮೆ ಬೇರೆ. ಇಂಥವನನ್ನು ವಿಜ್ಞಾನಿ ಅಷ್ಟೊಂದು ಗೌರವದಿಂದ ಕಾಣುವುದೇಕೆಂದು ಕಥೆ ಹೇಳುವವನಿಗೇ ಅರ್ಥವಾಗುವುದಿಲ್ಲ. ಮಂದಣ್ಣನ ಕಣ್ಣು ಕಂಡದ್ದನ್ನು ಪುಸ್ತಕ ಓದಿದವರ ಕಣ್ಣು ಕಂಡಿಲ್ಲವೆಂಬುದು ಕರ್ವಾಲೊಗೆ ಗೊತ್ತು. ಆ ಪುಟಗಳಿಗೆ ಬಂದಾಗ ನನ್ನ ನಗು ನಿಂತಿತು. ಕಾರಣವನ್ನು ಮುಂದೆ ಹೇಳುತ್ತೇನೆ.

ಪಾಠವೆಂದ ಮೇಲೆ ಜೀವಶಾಸ್ತ್ರವನ್ನು ಬಿಡುವಂತಿಲ್ಲ. ಹಾರುವ ಓತಿ ಕೇವಲ ಕಲ್ಪನೆಯಲ್ಲ. ಕಾದಂಬರಿಯಲ್ಲಿ ಅದು ಕೋಟ್ಯಂತರ ವರ್ಷಗಳ ಹಿಂದಿನ ಸಂತತಿಯ ಅಪೂರ್ವ ಕೊಂಡಿಯೆಂಬಂತೆ ಬರುತ್ತದೆ. ವಾಸ್ತವದಲ್ಲಿ ಪ್ರಾಣಿಶಾಸ್ತ್ರಜ್ಞರು 1837ರಲ್ಲಿಯೇ ಅದನ್ನು ವರ್ಣಿಸಿ ಡ್ರಾಕೊ ಡುಸುಮಿಯೆರಿ ಎಂದು ಹೆಸರಿಟ್ಟಿದ್ದಾರೆ. ಪಶ್ಚಿಮ ಘಟ್ಟದ ಕಾಡುಗಳಲ್ಲಿಯೂ ಅಡಕೆ ತೋಟಗಳಲ್ಲಿಯೂ ಅದು ಇಂದಿಗೂ ಇದೆ. ಬಾಲವೂ ಸೇರಿ ಗೇಣುದ್ದದ ಪ್ರಾಣಿ. ಅದಕ್ಕೆ ಹಕ್ಕಿಯಂತೆ ರೆಕ್ಕೆಯಿಲ್ಲ. ಪಕ್ಕೆಲುಬುಗಳಲ್ಲಿ ಕೆಲವು ಉದ್ದವಾಗಿ ಮೈಯಿಂದಾಚೆಗೆ ಚಾಚಿ, ಅವುಗಳ ಮೇಲೆ ಚರ್ಮದ ಪೊರೆಯು ಕೊಡೆಯ ಬಟ್ಟೆಯಂತೆ ಬಿಗಿದಿರುತ್ತದೆ. ಬೇಡವಾದಾಗ ಮಡಿಸಿಕೊಂಡರೆ ಮರದ ತೊಗಟೆಗೂ ಅದಕ್ಕೂ ಭೇದ ಕಾಣದು. ಅದು ರೆಕ್ಕೆ ಬಡಿದು ಮೇಲಕ್ಕೇರಲಾರದು. ಎತ್ತರದಿಂದ ಜಿಗಿದು ಗಾಳಿಯಲ್ಲಿ ತೇಲುತ್ತ ಮತ್ತೊಂದು ಮರದ ಕಾಂಡಕ್ಕೆ ಹೋಗಿ ಅಂಟಿಕೊಳ್ಳುತ್ತದೆ. ಆಹಾರ ಬಹುಮಟ್ಟಿಗೆ ಇರುವೆಗಳು. ಗಂಡಿಗೆ ಗಂಟಲ ಕೆಳಗೆ ಹಳದಿಯ ಚೀಲ; ಹೆಣ್ಣು ನೆಲಕ್ಕಿಳಿಯುವುದು ಮೊಟ್ಟೆಯಿಡಲು. ‘ಓತಿ’ ಎಂಬ ಪದವನ್ನೂ ಗಮನಿಸಿ. ನಮ್ಮ ಮಕ್ಕಳು ಬೀದಿಯಲ್ಲಿ ‘ಓಣಾನ್’ ಎನ್ನುತ್ತಾರೆ. ಮನೆಯ ಅಜ್ಜಿಯ ಬಾಯಿಯಲ್ಲಿ ಮಾತ್ರ ‘ಓತಿ’ ಉಳಿದಿದೆ.

ಈ ಪ್ರಾಣಿಗಾಗಿ ಮೂಡಿಗೆರೆಗೇ ಹೋಗಬೇಕಾಗಿಲ್ಲ. ಪೊಳ್ಳಾಚಿ, ವಾಲ್ಪಾರೈ, ಉಡುಮಲೈಪೇಟೆಯ ತಾಲ್ಲೂಕುಗಳಲ್ಲಿ ಹಬ್ಬಿರುವ ನಮ್ಮ ಆನೆಮಲೆಯಲ್ಲಿಯೇ ಅದು ಉಂಟು.

ಈಗ ಕಾರಣ. ಎಂಬತ್ತರ ದಶಕದಲ್ಲಿ ಒಮ್ಮೆ ಏಳನೆಯ ತರಗತಿಯವರನ್ನು ಟಾಪ್‌ಸ್ಲಿಪ್‌ಗೆ ಪ್ರವಾಸ ಕರೆದೊಯ್ದಿದ್ದೆ. ತೇಗದ ದಿಮ್ಮಿಗಳನ್ನು ಹಿಂದೆ ಅಲ್ಲಿಂದಲೇ ಇಳಿಜಾರಿಗೆ ಜಾರಿಸಿಬಿಡುತ್ತಿದ್ದರೆಂದು ವಿವರಿಸುತ್ತಿದ್ದೆ. ಸಾಲಿನ ಹಿಂದಿನಿಂದ ದೇವಾಂಗದವರ ಮನೆಯ ಹುಡುಗನೊಬ್ಬ, “ಸಾರ್, ಆ ಒಣಗಿದೆಲೆ ಕೆಳಗೆ ಬೀಳದೆ ಅಡ್ಡಕ್ಕೆ ಹೋಯ್ತು, ಮರಕ್ಕೆ ಅಂಟ್ಕೊಂಡ್ತು!” ಎಂದು ಕೂಗಿದ. ಮಕ್ಕಳೆಲ್ಲ ನಕ್ಕರು. ನಾನು ಆ ಕಡೆ ತಿರುಗಿಯೂ ನೋಡಲಿಲ್ಲ. ಸುಳ್ಳು ಹೇಳಿ ಪಾಠ ಕೆಡಿಸಿದನೆಂದು ಗದರಿಸಿ, ಊರು ತಲಪುವವರೆಗೂ ಬಸ್ಸಿನಲ್ಲಿ ನಿಂತೇ ಬರುವ ಶಿಕ್ಷೆ ಕೊಟ್ಟೆ. ಅವನು ಗಣಿತದಲ್ಲಿ ಹಿಂದೆ, ವ್ಯಾಕರಣದಲ್ಲಿ ಇನ್ನೂ ಹಿಂದೆ. ಮರುವರ್ಷ ಶಾಲೆ ಬಿಟ್ಟು ತಂದೆಯ ಮಗ್ಗಕ್ಕೆ ಕುಳಿತ. ಅನಂತರ ತಿರುಪ್ಪೂರಿನ ಬನಿಯನ್ ಕೆಲಸಕ್ಕೆ ಹೋದನೆಂದು ಕೇಳಿದ್ದೇನೆ.

ಕಾದಂಬರಿಯ ಕೊನೆಯಲ್ಲಿ ಅಷ್ಟು ಜನರ ಕಣ್ಣೆದುರಿಗೇ ಓತಿಯು ಕಣಿವೆಯ ಕಡೆಗೆ ತೇಲಿಹೋಗುತ್ತದೆ. ಅವರು ಅದನ್ನು ಕಂಡಾದರೂ ಕಳೆದುಕೊಂಡರು.

ಗ್ರಂಥಾಲಯಕ್ಕೆ ‘ಕರ್ವಾಲೊ’ದ ಐದು ಪ್ರತಿಗಳನ್ನು ಈ ಸಂದರ್ಭದಲ್ಲಿ ಒಪ್ಪಿಸಿದ್ದೇನೆ. ಆರನೆಯದು ನನ್ನ ಮೇಜಿನ ಮೇಲೆ ಇದೆ. ಈ ಸಂಚಿಕೆ ಆ ವಿದ್ಯಾರ್ಥಿಯ ಕೈಗೆ ತಲುಪಿದರೆ, ಅದನ್ನು ಪಡೆದುಕೊಳ್ಳಲು ಅವನು ಮನೆಗೆ ಬರಬೇಕು. ಅಂದು ಕಂಡದ್ದು ಯಾವ ಬಣ್ಣದ್ದಾಗಿತ್ತು, ಎಷ್ಟು ದೂರ ತೇಲಿತು ಎಂಬುದನ್ನು ಹೇಳಬೇಕು. ನಾನು ಕುಳಿತು ಕೇಳುತ್ತೇನೆ.