ಲಕ್ಕಮ್ಮನ ನಿಷ್ಠುರವೂ ತುಂಗಭದ್ರೆಯ ನೀರೂ

ಶರಣರ ಚರಿತೆಯನ್ನು ಓದುವ ನಾವು ಅವರ ಭಕ್ತಿಯನ್ನು ಮನದುಂಬಿ ಕೊಂಡಾಡುತ್ತೇವೆ. ಅವರ ನಿಷ್ಠುರತೆಯನ್ನು ಮಾತ್ರ ಮೆಲ್ಲನೆ ಬದಿಗಿರಿಸುತ್ತೇವೆ. ಭಕ್ತಿಯನ್ನು ಹೊಗಳುವುದಕ್ಕೆ ಖರ್ಚಿಲ್ಲ, ನಿಷ್ಠುರವಾಗಿ ನುಡಿಯುವುದಕ್ಕೆ ಖರ್ಚುಂಟು. ಹರಳಯ್ಯ ಮಧುವರಸರು ತಮ್ಮ ಮಕ್ಕಳ ವಿವಾಹದಿಂದ ಮನುಷ್ಯರೆಲ್ಲರೂ ಸಮಾನರೆಂದು ಸಾರಿದುದಕ್ಕೆ ಕೊಟ್ಟ ಬೆಲೆ ಯಾವುದೆಂಬುದು ಸದ್ಭಕ್ತರೆಲ್ಲರಿಗೂ ತಿಳಿದ ಸಂಗತಿಯೇ ಆಗಿದೆ.

ಆಯ್ದಕ್ಕಿ ಮಾರಯ್ಯನು ಒಂದು ದಿನ ಎಂದಿಗಿಂತ ಹೆಚ್ಚು ಅಕ್ಕಿಯನ್ನು ಆಯ್ದು ಮನೆಗೆ ತಂದನು. ಸತಿಯಾದ ಲಕ್ಕಮ್ಮನು ಸಂತೋಷಪಡಲಿಲ್ಲ. ನಮಗೆ ಬೇಕಾದುದಕ್ಕಿಂತ ಮಿಗಿಲಾದುದನ್ನು ತಂದಲ್ಲಿಯೇ ಸುರಿದು ಬನ್ನಿರೆಂದು ಹಿಂದಕ್ಕೆ ಕಳುಹಿದಳು ಎಂಬುದು ಕಥೆ. ಇದನ್ನು ಸಾಮಾನ್ಯವಾಗಿ ನಿರಾಸೆಯ ಪಾಠವೆಂದು ಹೇಳಿ ಮುಗಿಸುವುದುಂಟು. ಆದರೆ ನನ್ನ ಎಣಿಕೆಯಲ್ಲಿ ಅದರೊಳಗೆ ಇನ್ನೆರಡು ಸಂಗತಿಗಳಿವೆ. ಮೊದಲನೆಯದು, ಆಕೆ ನುಡಿದುದು ಹೊರಗಿನವರಿಗಲ್ಲ, ತನ್ನ ಪತಿಗೆ. ಎರಡನೆಯದು, ಮಿಕ್ಕ ಅಕ್ಕಿ ಎಲ್ಲಿಗೆ ಹೋಗಬೇಕೆಂಬುದನ್ನೂ ಆಕೆಯೇ ಕೇಳಿದಳು. ಮನೆಗೆ ಬಂದ ವಸ್ತು ಮನೆಯಿಂದ ಹೊರಬಿದ್ದ ಮೇಲೆ ಎಲ್ಲಿಗೆ ಹೋಗುತ್ತದೆ? ಇಂದಿನ ಗೃಹಸ್ಥರು ಕೇಳಿಕೊಳ್ಳದಿರುವ ಪ್ರಶ್ನೆ ಇದೇ ಅಲ್ಲವೇ?

ನಮ್ಮ ಸೀಮೆಯಲ್ಲಿಯೇ ಇದನ್ನು ವಿಚಾರಿಸೋಣ. ಶಿರಹಟ್ಟಿ, ಮುಂಡರಗಿ ತಾಲೂಕುಗಳ ದಕ್ಷಿಣದ ಅಂಚಿನಲ್ಲಿ ತುಂಗಭದ್ರೆ ಹರಿಯುತ್ತಾಳೆ. ಸಂತೆಯ ದಿನ ಬಯಲಲ್ಲಿ ಬಿದ್ದ ಪ್ಲಾಸ್ಟಿಕ್ ಚೀಲವು ಗಾಳಿಗೆ ಗಟಾರವನ್ನು ಸೇರಿ, ಮಳೆ ಬಂದಾಗ ಹಳ್ಳಕ್ಕಿಳಿದು, ಹಳ್ಳದಿಂದ ಹೊಳೆಗೆ ಹೋಗುತ್ತದೆ. ತುಂಗಭದ್ರೆ ಹೊಸಪೇಟೆಯ ಅಣೆಕಟ್ಟನ್ನು ದಾಟಿ ಕೃಷ್ಣೆಯನ್ನು ಕೂಡುತ್ತಾಳೆ. ಕೃಷ್ಣೆ ಆಂಧ್ರದ ಕಡಲತೀರದಲ್ಲಿ ಬಂಗಾಳ ಉಪಸಾಗರವನ್ನು ಸೇರುತ್ತಾಳೆ. ಜಿಲ್ಲೆಯ ಉತ್ತರ ಭಾಗದ ನೀರಾದರೋ ಮಲಪ್ರಭೆಗೆ ಹೋಗಿ, ನಾವು ಭಕ್ತಿಯಿಂದ ನೆನೆಯುವ ಕೂಡಲಸಂಗಮದಲ್ಲಿಯೇ ಕೃಷ್ಣೆಯೊಡನೆ ಬೆರೆಯುತ್ತದೆ. ಎಸೆದುದೆಲ್ಲವೂ ಸಮುದ್ರವನ್ನು ಮುಟ್ಟುವುದೆಂದಲ್ಲ. ಅಣೆಕಟ್ಟುಗಳ ಹೂಳಿನಲ್ಲಿ ಎಷ್ಟೋ ಉಳಿಯುತ್ತದೆ. ಆದರೆ ಉಳಿದುದು ಅಳಿಯುವುದಿಲ್ಲ. ಕಲ್ಲೆಣ್ಣೆಯಿಂದ ಹುಟ್ಟಿದ ಈ ಪದಾರ್ಥವು ಮಣ್ಣಾಗಿ ಕೊಳೆಯದೆ, ಬಿಸಿಲಿಗೆ ಸಿಡಿದು, ಕಣ್ಣಿಗೆ ಕಾಣದಷ್ಟು ಸಣ್ಣ ಕಣಗಳಾಗುತ್ತದೆ. ಆ ಕಣಗಳು ಮೀನಿನ ಹೊಟ್ಟೆಯಲ್ಲಿಯೂ, ಮನುಷ್ಯರ ರಕ್ತದಲ್ಲಿಯೂ ಇರುವುದನ್ನು ವಿಜ್ಞಾನಿಗಳು ಕಂಡಿದ್ದಾರೆ. ಗದಗ-ಬೆಟಗೇರಿಯ ಜನರು ಕುಡಿಯುವುದು ಮುಂಡರಗಿ ತಾಲೂಕಿನ ಹಮ್ಮಿಗಿಯ ಬಳಿಯಲ್ಲಿ ತಡೆದು ನಿಲ್ಲಿಸಿದ ಅದೇ ತುಂಗಭದ್ರೆಯ ನೀರನ್ನು ಎಂಬುದನ್ನು ಇಲ್ಲಿ ಮರೆಯತಕ್ಕದ್ದಲ್ಲ. ಮೇಲಿನ ಊರಿನವರು ಎಸೆದುದು ನಮ್ಮ ಕೊಡಕ್ಕೆ. ನಾವು ಎಸೆದುದು ಕೆಳಗಿನವರ ಕೊಡಕ್ಕೆ, ಕಡೆಗೆ ಕಡಲ ಮೀನುಗಾರನ ಬಲೆಗೆ.

ಹೀಗಿರಲು ಇದು ಕೇವಲ ಕಸದ ವಿಷಯವಲ್ಲ, ಹಕ್ಕಿನ ವಿಷಯ. ನಮ್ಮ ಸಂವಿಧಾನದ 21ನೆಯ ಅನುಚ್ಛೇದವು ಕೊಟ್ಟಿರುವ ಜೀವಿಸುವ ಹಕ್ಕಿನಲ್ಲಿ ನಿರ್ಮಲವಾದ ನೀರು ಮತ್ತು ಗಾಳಿಯ ಹಕ್ಕೂ ಸೇರಿದೆಯೆಂದು ಸರ್ವೋಚ್ಚ ನ್ಯಾಯಾಲಯವು 1991ರಲ್ಲಿಯೇ ಹೇಳಿತು. 2022ರ ಜುಲೈ 28ರಂದು ವಿಶ್ವಸಂಸ್ಥೆಯ ಮಹಾಸಭೆಯು 161 ರಾಷ್ಟ್ರಗಳ ಸಮ್ಮತಿಯಿಂದ ಶುದ್ಧ ಪರಿಸರವನ್ನು ಮಾನವ ಹಕ್ಕೆಂದು ಸಾರಿತು. ಅದೇ ವರುಷ ಮಾರ್ಚಿಯಲ್ಲಿ ಪ್ಲಾಸ್ಟಿಕ್ ಮಾಲಿನ್ಯವನ್ನು ತಡೆಯಲು ಜಾಗತಿಕ ಒಪ್ಪಂದವೊಂದನ್ನು ಮಾಡಿಕೊಳ್ಳಬೇಕೆಂದು ನೈರೋಬಿಯಲ್ಲಿ ಗೊತ್ತುಪಡಿಸಲಾಯಿತು. ಆದರೆ 2025ರ ಆಗಸ್ಟಿನಲ್ಲಿ ಜಿನೀವಾದಲ್ಲಿ ಕೂಡಿದ ಪ್ರತಿನಿಧಿಗಳು ಒಮ್ಮತಕ್ಕೆ ಬಾರದೆಯೇ ಎದ್ದುಹೋದರು. ತಯಾರಿಕೆಗೇ ಮಿತಿ ಹಾಕುವ ಮಾತನ್ನು ತೈಲ ಮಾರುವ ರಾಷ್ಟ್ರಗಳು ಒಪ್ಪಲಿಲ್ಲ. ಮಿಕ್ಕ ಅಕ್ಕಿಯನ್ನು ಹಿಂದಿರುಗಿಸುವುದು ಮಾರಯ್ಯನಿಗೆ ಸಾಧ್ಯವಾಯಿತು. ರಾಷ್ಟ್ರಗಳಿಗೆ ಅಷ್ಟು ಸುಲಭವಲ್ಲವೆಂದು ಕಾಣುತ್ತದೆ!

ದೊಡ್ಡವರೆದುರು ನಮ್ಮಂಥವರು ನುಡಿದರೆ ಆಗುವುದೇನೆಂದು ಕೆಲವರು ಕೇಳಬಹುದು. ನಮ್ಮ ಸೀಮೆಯವರು ಈ ಪ್ರಶ್ನೆಯನ್ನು ಕೇಳಬಾರದು. ಮುಂಡರಗಿ ತಾಲೂಕಿನ ಹಳ್ಳಿಗುಡಿಯ ಸುತ್ತಲಿನ ಮೂರು ಸಾವಿರ ಎಕರೆಗೂ ಮಿಕ್ಕ ಭೂಮಿಯಲ್ಲಿ ಪೋಸ್ಕೋ ಎಂಬ ಕೊರಿಯದ ಕಂಪನಿಯು ಉಕ್ಕಿನ ಕಾರ್ಖಾನೆಯನ್ನು ಕಟ್ಟಲು ಬಂದಾಗ, ಗದುಗಿನ ತೋಂಟದಾರ್ಯ ಮಠದ ಲಿಂಗೈಕ್ಯ ಡಾ. ಸಿದ್ಧಲಿಂಗ ಮಹಾಸ್ವಾಮಿಗಳು ರೈತರ ಮುಂದೆ ನಿಂತರು. 2011ರ ಜುಲೈಯಲ್ಲಿ ಸರಕಾರವು ಭೂಸ್ವಾಧೀನವನ್ನು ಕೈಬಿಟ್ಟಿತು; 2013ರಲ್ಲಿ ಕಂಪನಿಯೂ ಯೋಜನೆಯನ್ನು ತೊರೆಯಿತು. ಕಪ್ಪತಗುಡ್ಡದ ಸಂಗತಿ ಇನ್ನೂ ಹತ್ತಿರದ್ದು. 2015ರಲ್ಲಿ ಗುಡ್ಡಕ್ಕೆ ದೊರೆತ ಸಂರಕ್ಷಿತ ಪ್ರದೇಶದ ರಕ್ಷಣೆಯನ್ನು ಸರಕಾರವು 2016ರಲ್ಲಿ ಹಿಂತೆಗೆದುಕೊಂಡಾಗ, ಚಿನ್ನದ ಗಣಿಗೆ ದಾರಿಯಾಗುವುದೆಂದು ಜನರು ಎದ್ದರು. 2017ರ ಫೆಬ್ರುವರಿಯಲ್ಲಿ ಗದುಗಿನಲ್ಲಿ ಸತ್ಯಾಗ್ರಹವು ನಡೆಯಿತು, ಎಸ್. ಆರ್. ಹಿರೇಮಠ, ಮೇಧಾ ಪಾಟ್ಕರ್ ಮೊದಲಾದವರು ಶ್ರೀಗಳೊಡನೆ ಇದ್ದರು. ಅದೇ ವರುಷ ರಕ್ಷಣೆಯು ಮರಳಿ ಬಂದಿತು. 2019ರಲ್ಲಿ ಗುಡ್ಡದ 244 ಚದರ ಕಿಲೋಮೀಟರಿನಷ್ಟು ಪ್ರದೇಶವು ವನ್ಯಜೀವಿಧಾಮವಾಯಿತು. ಅಷ್ಟು ಹೊತ್ತಿಗೆ ಶ್ರೀಗಳು 2018ರ ಅಕ್ಟೋಬರದಲ್ಲಿ ಲಿಂಗೈಕ್ಯರಾಗಿದ್ದರು.

ಆದರೆ ಕಂಪನಿಯ ವಿರುದ್ಧ ನುಡಿಯುವುದು ಒಂದು ಬಗೆ. ನಮ್ಮ ಓಣಿಯಲ್ಲಿ ನುಡಿಯುವುದು ಇನ್ನೊಂದು ಬಗೆ. ಎರಡನೆಯದೇ ಕಠಿಣವೆಂದು ನನಗೆ ತೋರುತ್ತದೆ. ಲಕ್ಕಮ್ಮನು ನಡೆದ ದಾರಿಯೂ ಅದೇ.

ಬೆಳಗಿನ ಜಾವದಲ್ಲಿ ಓಣಿಯನ್ನು ಗುಡಿಸುವ ಪೌರಕಾರ್ಮಿಕರನ್ನು ನೋಡಿರಿ. ಹಸಿಕಸದೊಡನೆ ಒಡೆದ ಗಾಜು, ಬಳಸಿದ ಸೂಜಿ, ಕೊಳೆತ ಅನ್ನ ತುಂಬಿದ ಚೀಲಗಳನ್ನು ಕಟ್ಟಿ ನಾವು ಅವರ ಕೈಗೆ ಕೊಡುತ್ತೇವೆ. ಕಸಗುಡಿಸುವ ಕಾಯಕದ ಸತ್ಯಕ್ಕನನ್ನು ಶರಣೆಯೆಂದು ಪೂಜಿಸುವವರು ಆಕೆಯ ಕಾಯಕದವರ ಕೈಗೆ ಗಾಜನ್ನು ಕೊಡಬಹುದೇ? ಹಸಿಯನ್ನೂ ಒಣದನ್ನೂ ಬೇರೆಯಾಗಿರಿಸುವುದು ಅವರ ಮೇಲಿನ ಕರುಣೆಯಲ್ಲ. ಅವರಿಗೆ ಸಲ್ಲತಕ್ಕ ಹಕ್ಕು. ಅವರಿಗೆ ಕೈಗವಸು, ಸಕಾಲದ ಸಂಬಳ ದೊರೆಯುತ್ತಿದೆಯೇ ಎಂದು ನಗರಸಭೆಯ ಸದಸ್ಯರನ್ನು ಕೇಳುವುದು ಓಣಿಯ ಹಿರಿಯರಿಗೆ ಅಸಾಧ್ಯವೇನಲ್ಲ. ಲೇಖಕನು ತನ್ನ ಓಣಿಯಲ್ಲಿ ಇದನ್ನು ಎತ್ತಿದಾಗ, ದೊಡ್ಡವರು ಇಂಥದರಲ್ಲಿ ಬೀಳಬಾರದೆಂದು ಬುದ್ಧಿ ಹೇಳಿದವರೂ ಇದ್ದರು.

ಕಾಯಿದೆಯ ಕೊರತೆ ನಮ್ಮಲ್ಲಿಲ್ಲ. ಕರ್ನಾಟಕ ಸರಕಾರವು 2016ರ ಮಾರ್ಚಿಯಲ್ಲಿಯೇ ಪ್ಲಾಸ್ಟಿಕ್ ಕೈಚೀಲ, ತಟ್ಟೆ, ಲೋಟಗಳನ್ನು ನಿಷೇಧಿಸಿತು. 2022ರ ಜುಲೈ 1ರಿಂದ ಒಮ್ಮೆ ಬಳಸಿ ಬಿಸಾಡುವ ಎಷ್ಟೋ ಸಾಮಾನುಗಳಿಗೆ ದೇಶದಾದ್ಯಂತ ನಿಷೇಧವಾಯಿತು. ಆದರೂ ಜಾತ್ರೆಯ ಮರುದಿನ ತೇರು ಎಳೆದ ಬೀದಿಯಲ್ಲಿ ಕಾಣುವುದೇನು? ಕಂಠಮಟ್ಟ ಪ್ರಸಾದವನ್ನು ಸ್ವೀಕರಿಸಿ, ತಟ್ಟೆಯನ್ನು ಹಳ್ಳದ ಪಾಲು ಮಾಡಿದರೆ, ಆ ಎಂಜಲಿನ ಆಸೆಗೆ ಚೀಲಸಹಿತ ನುಂಗುವ ಹಸುವಿನ ಹೊಟ್ಟೆಗೆ ದಾಸೋಹವು ವಿಷವಾಗುವುದು. ಸುಟ್ಟುಬಿಟ್ಟರೆ ಮುಗಿಯಿತೆಂಬವರುಂಟು, ಆ ಹೊಗೆಯೂ ವಿಷವೇ, ಅದನ್ನು ಮೊದಲು ಕುಡಿಯುವವು ನೆರೆಮನೆಯ ಕೂಸುಗಳು.

ನುಲಿಯ ಚಂದಯ್ಯನು ಕೆರೆಯಂಗಳದ ಹುಲ್ಲನ್ನು ಕೊಯ್ದು ಹಗ್ಗ ಹೊಸೆದನು. ಪುಂಡಿನಾರಿನ ಹಗ್ಗ ನಮ್ಮ ಹಿರಿಯರ ಹೊಲಗಳಲ್ಲಿತ್ತು. ಈಗ ಎತ್ತಿನ ಕೊರಳಲ್ಲಿಯೂ ಪ್ಲಾಸ್ಟಿಕ್ ಹಗ್ಗ. ಎಲ್ಲವನ್ನೂ ಒಮ್ಮೆಗೇ ಹಿಂದಿರುಗಿಸಲಾಗದು. ಔಷಧಾಲಯದಲ್ಲಿ ಪ್ಲಾಸ್ಟಿಕ್ಕಿನಿಂದ ಉಪಕಾರವೂ ಇದೆ. ಆದರೆ ದಾಸೋಹದ ಪಂಕ್ತಿಗೆ ಮುತ್ತುಗದೆಲೆಯ ಪತ್ರಾವಳಿಯನ್ನು ತರಿಸುವುದು, ಸಂತೆಗೆ ಬೆಟಗೇರಿಯ ಮಗ್ಗದ ಬಟ್ಟೆಯ ಚೀಲವನ್ನು ಒಯ್ಯುವುದು ನಮ್ಮ ಕೈಯಲ್ಲಿಯೇ ಇದೆ. ಮುಂದಿನ ಜಾತ್ರೆಯ ಸಭೆಯಲ್ಲಿ ಪ್ರಸಾದದ ಲೆಕ್ಕವನ್ನು ಬರೆಯುವಾಗ, ತಟ್ಟೆ ಯಾವುದು, ಅದನ್ನು ಬಳಿಕ ಎತ್ತುವವರಾರು, ಅವರಿಗೆ ಕೊಡುವ ಕೂಲಿ ಎಷ್ಟು ಎಂಬುದನ್ನೂ ಅದೇ ಹಾಳೆಯಲ್ಲಿ ಬರೆಯಿಸಿಕೊಳ್ಳಿರಿ.