ಬೆನ್ನುಹುರಿಯ ಗೆಡ್ಡೆ: 1887ರ ಮೊದಲ ಯಶಸ್ಸು

ಬೆನ್ನುಹುರಿಯ ಗೆಡ್ಡೆಯೊಂದರ ಜಾಗ ಗುರುತಿಸಿ, ಅದನ್ನು ಯಶಸ್ವಿಯಾಗಿ ತೆಗೆದ ಮೊದಲ ಶಸ್ತ್ರಚಿಕಿತ್ಸೆ ಎಂದು ಹೆಸರಾದದ್ದು ನಡೆದಿದ್ದು 1887ರ ಜೂನ್‌ನಲ್ಲಿ, ಲಂಡನ್ನಿನ ಕ್ವೀನ್ ಸ್ಕ್ವೇರ್ ನರರೋಗ ಆಸ್ಪತ್ರೆಯಲ್ಲಿ. ರೋಗಿ ಒಬ್ಬ ಸೇನಾ ಕ್ಯಾಪ್ಟನ್. ವರ್ಷಗಟ್ಟಲೆ ಬೆನ್ನುನೋವು ಅನುಭವಿಸಿ, ಕೊನೆಗೆ ಕಾಲುಗಳ ಸ್ವಾಧೀನವನ್ನೇ ಕಳೆದುಕೊಂಡಿದ್ದರು. ಎಕ್ಸ್-ರೇ ಬಂದದ್ದು 1895ರಲ್ಲಿ. ಈ ಶಸ್ತ್ರಚಿಕಿತ್ಸೆಯ ಕಾಲಕ್ಕೆ ಅದೂ ಇರಲಿಲ್ಲ. ನರರೋಗತಜ್ಞ ವಿಲಿಯಂ ಗೌವರ್ಸ್ ಮೈಮೇಲೆ ಯಾವ ಮಟ್ಟದಿಂದ ಕೆಳಕ್ಕೆ ಸ್ಪರ್ಶ ತಿಳಿಯುತ್ತಿಲ್ಲ ಎಂದು ಪರೀಕ್ಷಿಸಿಯೇ ಗೆಡ್ಡೆ ಇರುವ ಜಾಗವನ್ನು ಅಂದಾಜಿಸಿದರು. ನಿಜಕ್ಕೂ ಬೆರಗಿನ ಕೆಲಸ! ಶಸ್ತ್ರಚಿಕಿತ್ಸಕ ವಿಕ್ಟರ್ ಹಾರ್ಸ್ಲಿ ಬೆನ್ನುಮೂಳೆಯ ಕಮಾನು ತೆಗೆದು ನೋಡಿದರೆ ಮೊದಲು ಏನೂ ಕಾಣಲಿಲ್ಲ. ಇನ್ನಷ್ಟು ಮೇಲಕ್ಕೆ ತೆರೆದಾಗ ಬಾದಾಮಿಯಾಕಾರದ ಗೆಡ್ಡೆ ಹುರಿಯನ್ನು ಒತ್ತಿಕೊಂಡು ಕುಳಿತಿತ್ತು. ರೋಗಿ ಮತ್ತೆ ನಡೆದಾಡಿದರು.

ಇಂದು ಇಂತಹ ಗೆಡ್ಡೆಗಳ ಪತ್ತೆಗೆ ಎಂಆರ್‌ಐ ಮುಖ್ಯ ಸಾಧನ. ಬೆನ್ನುಮೂಳೆಯ ಅಪರೂಪದ ಗೆಡ್ಡೆಗಳಲ್ಲಿ ಕಾರ್ಡೋಮಾ ನೆನಪಿಡಿ: ವರ್ಷಕ್ಕೆ 10 ಲಕ್ಷ ಜನರಲ್ಲಿ ಸುಮಾರು ಒಬ್ಬರಿಗೆ ಬರುತ್ತದೆ, ಭ್ರೂಣದ ಬೆನ್ನಿನ ದಂಡವಾದ ನೋಟೊಕಾರ್ಡ್‌ನ ಉಳಿಕೆಯಿಂದ ಹುಟ್ಟುತ್ತದೆ. ಚೂರು ಉಳಿದರೂ ಮರುಕಳಿಸುವ ಭಯವಿರುವುದರಿಂದ, ಸಾಧ್ಯವಾದಲ್ಲೆಲ್ಲ ಇಡಿಯಾಗಿ ತೆಗೆಯುತ್ತಾರೆ.

1887ರ ಶಸ್ತ್ರಚಿಕಿತ್ಸೆಯಲ್ಲಿ ಜಾಗ ಹೇಳಿದವರು ಗೌವರ್ಸ್, ಗೆಡ್ಡೆ ತೆಗೆದವರು ಹಾರ್ಸ್ಲಿ. ಪರೀಕ್ಷೆಯಲ್ಲಿ ಹೊಂದಿಸಿ ಬರೆಯುವ ಪ್ರಶ್ನೆ ಬಂದರೆ ಇವರಿಬ್ಬರನ್ನು ಅದಲುಬದಲು ಮಾಡಬೇಡಿ.