ಅಂತರಗಂಗೆಗೆ ಹೊರಟಿದ್ದೀರಾ?

ನಮ್ಮ ಗಣಿಯೂರು ಚಾಂಪಿಯನ್ ರೀಫ್ಸ್ ಕಡೆಯಿಂದ ಅಂತರಗಂಗೆಗೆ ಹೋಗುವವರು ಬೆಳಿಗ್ಗೆ ಬೇಗನೆ ಮನೆ ಬಿಡಿ. ಬಂಗಾರಪೇಟೆ ದಾಟಿ ಕೋಲಾರ ಸೇರಿದರೆ ಅಂತರಗಂಗೆಯಿರುವ ಶತಶೃಂಗ ಬೆಟ್ಟದ ಬುಡಕ್ಕೆ ಮೂರ್ನಾಲ್ಕು ಕಿಲೋಮೀಟರ್ ಅಷ್ಟೇ. ಬಿಸಿಲೇರಿದ ಮೇಲೆ ಮೆಟ್ಟಿಲು ಹತ್ತುವುದು ವಯಸ್ಸಾದವರಿಗೆ ತ್ರಾಸ.

ಕಾಶಿ ವಿಶ್ವೇಶ್ವರನ ಗುಡಿಯ ಬಳಿ ಕಲ್ಲಿನ ಬಸವನ ಬಾಯಿಂದ ಕಲ್ಯಾಣಿಗೆ ನೀರು ಬೀಳುತ್ತದೆ. ಅಲ್ಲಿ ಸ್ವಲ್ಪ ಹೊತ್ತು ಕೂತುಕೊಳ್ಳಿ. ವರ್ಷಪೂರ್ತಿ ಹರಿಯುವ ಒಂದು ನದಿಯೂ ಇಲ್ಲದ ಜಿಲ್ಲೆ ನಮ್ಮದು. 2001ರಲ್ಲಿ ಮುಚ್ಚಿದ ನಮ್ಮ ಚಿನ್ನದ ಗಣಿ ಮೂರು ಕಿಲೋಮೀಟರಿಗೂ ಆಳಕ್ಕೆ ಇಳಿದಿತ್ತು. ಅಷ್ಟು ಆಳ ತೋಡಿದರೂ ಕುಡಿಯುವ ನೀರಿಗೆ ಗಣಿಯೂರುಗಳು ಬೇತಮಂಗಲದ ಕೆರೆಯನ್ನು ನಂಬಿದ್ದವು. ಇಲ್ಲಿಯೋ, ಮಳೆನೀರು ಬಂಡೆಯ ಬಿರುಕುಗಳಲ್ಲಿ ಇಂಗಿ ತಾನಾಗಿ ಹೊರಬರುತ್ತದೆ. ಅಂಥ ನೀರಿಗೆ ಸೋಪು, ಶಾಂಪೂ ಬೇಡವೇ ಬೇಡ. ಕ್ಯಾನು, ಬಿಂದಿಗೆ ಹಿಡಿದು ಬಂದವರಿಗೆ ಮೊದಲು ದಾರಿ ಬಿಡಿ, ಫೋಟೋ ಆಮೇಲೆ ತೆಗೆಯಬಹುದು.

ಕೋತಿಗಳು ಬಹಳ. ತಿಂಡಿ ಪೊಟ್ಟಣ ಕೈಯಲ್ಲಿ ಕಂಡರೆ ಬಿಡುವುದಿಲ್ಲ, ಚೀಲದೊಳಗೇ ಇರಲಿ. ಪಾಪವೆಂದು ಅವಕ್ಕೆ ತಿನ್ನಿಸಲೂ ಹೋಗಬೇಡಿ.

ಮೇಲಿನ ಗುಹೆಗಳಿಗೆ ದಾರಿ ಬಲ್ಲವರ ಜೊತೆಯಲ್ಲಿ, ಟಾರ್ಚ್ ಇಟ್ಟುಕೊಂಡೇ ಹೋಗಿ. ಮಳೆ ಬಿದ್ದ ದಿನ ಬಂಡೆಗಳು ಜಾರುತ್ತವೆ. ಅವತ್ತು ಗುಹೆಗಳ ಆಸೆ ಬಿಟ್ಟು ಗುಡಿಯಿಂದಲೇ ಇಳಿದುಬನ್ನಿ.